ನಿಮಗಿದು ಗೊತ್ತೇ? ಹೆಬ್ಬೆರಳಿಗೆ ಶೇ 30

ಹೆಬ್ಬೆರಳು ಹೋದರೆ ಶೇ 30. ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳಿಗೆ ಶೇ 12. ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ 50. ಯಾವ ಅಂಗ ಕಳೆದುಕೊಂಡರೆ ದುಡಿಯುವ ಶಕ್ತಿ ಎಷ್ಟು ಕುಗ್ಗುತ್ತದೆ ಎಂದು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿ ಲೆಕ್ಕ ಹಾಕಿದ್ದು ಹೀಗೆ. ಪರಿಹಾರದ ಹಣ ಇದರ ಮೇಲೆ ನಿಂತಿದೆ.

ಆ ಬೆರಳು ಹೋಗುವುದು ಹೇಗೆ? ಪವರ್ ಪ್ರೆಸ್ ಮುಂದೆ ನಿಂತವನನ್ನು ಒಮ್ಮೆ ನೋಡಿ. ತಗಡನ್ನು ಡೈ ಮೇಲೆ ಇಡಬೇಕು, ಕೈ ಹಿಂದಕ್ಕೆಳೆಯಬೇಕು, ಪ್ರೆಸ್ ಬೀಳಬೇಕು, ತುಣುಕು ತೆಗೆಯಬೇಕು. ಇಡೀ ಶಿಫ್ಟ್ ಇದೇ ಕೆಲಸ. ಸರಿಯಾದ ಯಂತ್ರದಲ್ಲಿ ಎರಡು ಗುಂಡಿಗಳಿರುತ್ತವೆ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಕೈಗಳೆರಡೂ ಗುಂಡಿಯ ಮೇಲಿದ್ದಾಗ ಪ್ರೆಸ್ ಕೆಳಗೆ ಬೆರಳು ಸಿಗುವ ಮಾತೇ ಇಲ್ಲ. ಆದರೆ ಪೀಸ್ ಲೆಕ್ಕ ಹೆಚ್ಚಾಗಲಿ ಎಂದು ಒಂದು ಗುಂಡಿಗೆ ಟೇಪ್ ಸುತ್ತಿ ಒತ್ತಿಟ್ಟರೆ ಒಂದು ಕೈ ಬಿಡುವಾಗುತ್ತದೆ. ಅನಾಹುತ ಆಗುವುದು ಆ ಕೈಗೆ. ಓಡುವ ಯಂತ್ರದ ಅಪಾಯದ ಭಾಗಕ್ಕೆ ಗಾರ್ಡ್ ಇರಲೇಬೇಕು, ಯಂತ್ರ ನಿಲ್ಲುವವರೆಗೂ ಅದನ್ನು ತೆಗೆಯಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿದ್ದು ಇದಕ್ಕಾಗಿಯೇ.

ತಪ್ಪು ಕೆಲಸಗಾರನದೇ ಎಂದು ಹೇಳಿ ಮಾಲೀಕರು ಜಾರಿಕೊಳ್ಳಬಹುದೇ? ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆಗಿದ್ದರೆ ಆ ವಾದ ಪರಿಹಾರವನ್ನು ತಪ್ಪಿಸುವುದಿಲ್ಲ. ಆತ ಗಾರ್ಡ್ ತೆಗೆದಿದ್ದರೂ, ಕುಡಿದಿದ್ದರೂ ಅಷ್ಟೇ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಮೇಲೆ ಶೇ 50ರವರೆಗೆ ದಂಡವನ್ನೂ 1923ರ ಕಾಯ್ದೆ ಇಟ್ಟಿತ್ತು.

ಇಎಸ್‌ಐ ಲೆಕ್ಕ ಕೇಳಿ. ₹15,000 ಸಂಬಳದವನಿಗೆ ಮಾಲೀಕರ ಪಾಲು ಶೇ 3.25, ಅಂದರೆ ತಿಂಗಳಿಗೆ ಸುಮಾರು ₹488. ಕೆಲಸಗಾರನ ಪಾಲು ಶೇ 0.75. ಗಾಯವಾದರೆ ಚಿಕಿತ್ಸೆ, ಶಾಶ್ವತ ಅಂಗವಿಕಲತೆ ಆದರೆ ಜೀವನಪರ್ಯಂತ ಮಾಸಿಕ ಹಣ, ಎರಡೂ ಇಎಸ್‌ಐ ನಿಗಮದ ಹೊಣೆ. ವಂತಿಗೆ ಕಟ್ಟದೆ ಉಳಿಸಿಕೊಂಡ ಮಾಲೀಕರಿಂದ ನಿಗಮ ಆ ಖರ್ಚನ್ನು ವಸೂಲು ಮಾಡಬಹುದು. ₹488 ಉಳಿಸಲು ಹೋಗಿ ಶೆಡ್ಡನ್ನೇ ಅಡವಿಡುವ ಸ್ಥಿತಿ ಯಾವ ಸಣ್ಣ ಉದ್ಯಮಿಗೂ ಬರಬಾರದು.

ಹೆಲ್ಮೆಟ್, ಗಮ್‌ಬೂಟ್, ಕನ್ನಡಕದ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಸುರಕ್ಷತೆಗಾಗಿ ಮಾಡಿದ ಯಾವ ಏರ್ಪಾಟಿಗೂ ಕಾರ್ಮಿಕರಿಂದ ಕಾಸು ಕೇಳಬಾರದು.

ಕಂಪನಿಯ ಕಾರ್ಖಾನೆಯಾದರೆ ಕಾನೂನಿನ ಕಣ್ಣಿಗೆ 'ಅಧಿಭೋಗದಾರ', ಅಂದರೆ ಕಾರ್ಖಾನೆಯ ಅಂತಿಮ ಹೊಣೆಗಾರ, ಎನಿಸುವವರು ಒಬ್ಬ ನಿರ್ದೇಶಕರೇ. ಮ್ಯಾನೇಜರ್ ಹೆಸರು ಬರೆದು ಕೈ ತೊಳೆದುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಸ್ಪಷ್ಟಪಡಿಸಿದೆ. ಇದು ನ್ಯಾಯವಾದ ತೀರ್ಪು. ಲಾಭ ಯಾರದೋ ಹೊಣೆಯೂ ಅವರದೇ ಆಗಬೇಕು.

2025ರ ನವೆಂಬರ್ 21ರಿಂದ ಹೊಸ ಸುರಕ್ಷತಾ ಸಂಹಿತೆ ಜಾರಿಯಲ್ಲಿದೆ. ಮಾಲೀಕರು ಕರ್ತವ್ಯ ತಪ್ಪಿದ್ದರಿಂದ ಸಾವು ಸಂಭವಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ₹5 ಲಕ್ಷ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಸತ್ತವರ ವಾರಸುದಾರರಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ.

ಭೋಪಾಲ್ ಅನಿಲ ದುರಂತ, 1984ರ ಡಿಸೆಂಬರ್ 2ರ ರಾತ್ರಿ. ವಿಷಾನಿಲದ ಟ್ಯಾಂಕನ್ನು ತಂಪಾಗಿಡುವ ಶೀತಕ ಘಟಕವನ್ನು ಮೊದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ, ಅಪಾಯಕಾರಿ ಉದ್ದಿಮೆಗಳಿಗೆಂದೇ ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯ ಸೇರಿತು.

ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆ, 1911ರ ಮಾರ್ಚ್ 25. ಬೆಂಕಿ ಬಿದ್ದಾಗ ಹೊರದಾರಿಯ ಒಂದು ಬಾಗಿಲಿಗೆ ಬೀಗ. ಸತ್ತವರು 146 ಮಂದಿ, ಹೆಚ್ಚಿನವರು ಹೊಲಿಗೆಯ ಹೆಣ್ಣುಮಕ್ಕಳು. ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಮಹಡಿಗಳಲ್ಲೂ ಹೊಲಿಗೆಗೆ ಕೂತವರು ಹೆಚ್ಚಾಗಿ ಹೆಣ್ಣುಮಕ್ಕಳೇ.

ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಕಾಯಿಲೆಯನ್ನು ವೈದ್ಯರು ದಾಖಲಿಸಿ ಸುಮಾರು 80 ವರ್ಷವಾಯಿತು. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಂಟಾಗುತ್ತದೆ. ಇಂದಿಗೂ ಗುಣಪಡಿಸುವ ಮದ್ದಿಲ್ಲ. ಗಣಿ 2001ರಲ್ಲಿ ಮುಚ್ಚಿತು, ಧೂಳು ಕ್ರಷರುಗಳಲ್ಲೂ ಗ್ರಾನೈಟ್ ಘಟಕಗಳಲ್ಲೂ ಏಳುತ್ತಲೇ ಇದೆ. ಕಲ್ಲಿಗೆ ನೀರು ಹಾಯಿಸುತ್ತಾ ಕೊಯ್ದರೆ ಧೂಳಿನ ಬಹುಪಾಲು ಅಲ್ಲೇ ಅಡಗುತ್ತದೆ.

ಶೌಚದ ಪಿಟ್ ಸ್ವಚ್ಛಗೊಳಿಸಲು ಆಳು ಕರೆಸುವ ಅಪಾರ್ಟ್‌ಮೆಂಟಿನವರೂ ಇದನ್ನು ಓದಬೇಕು. ಸುರಕ್ಷಾ ಸಾಧನವಿಲ್ಲದೆ ಯಾರನ್ನಾದರೂ ಒಳಗಿಳಿಸಿದರೆ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, ₹2 ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಇಳಿದವನು ಅಪಾಯ ಕಳೆಯಿತೆಂದುಕೊಳ್ಳುವುದು ಸರಿಯಾಗಿ ಆಗಲೇ. ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ₹30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಮಾಲೀಕರೇ, ನಾಳೆ ಬೆಳಗಿನ ಶಿಫ್ಟ್ ಶುರುವಾಗುವ ಮುನ್ನ ಒಂದು ಸುತ್ತು ಬನ್ನಿ. ಪ್ರೆಸ್ಸಿನ ಗುಂಡಿಗೆ ಟೇಪ್ ಸುತ್ತಿದ್ದರೆ ನೀವೇ ಕಿತ್ತುಹಾಕಿ. ಹಿಂಬಾಗಿಲ ಬೀಗ ತೆಗೆಸಿ.