ಪಿಕಪ್‌ಗೆ ಆಲ್ ಟೆರೇನ್ ಟೈರ್ ಬೇಕೆ?

ಪ್ರಶ್ನೆ: ಮಕ್ತಲ್ ಸುತ್ತಿನ ಹೊಲಗಳಿಂದ ಡೀಸೆಲ್ ಪಿಕಪ್‌ನಲ್ಲಿ ಹತ್ತಿ, ಭತ್ತ ಸಾಗಿಸುತ್ತೇವೆ. ದಪ್ಪ ಹಲ್ಲಿನ ಆಲ್ ಟೆರೇನ್ ಟೈರ್ ಹಾಕಿಸಿದರೆ ಹೆಚ್ಚು ಬಾಳಿಕೆ ಬರುತ್ತದೆಯೆ?

ಉತ್ತರ: ಹಲ್ಲು ನೋಡಿ ಮರುಳಾಗಬೇಡಿ, ಮೊದಲು ಟೈರಿನ ಪಕ್ಕೆಯನ್ನು ಓದಿ. ಅಲ್ಲಿ ಅಳತೆಯ ನಂತರ ಬರುವ ಅಂಕಿ ಹೊರೆಯ ಸಂಕೇತ. 112 ಎಂದಿದ್ದರೆ ಆ ಒಂದು ಟೈರು ಹೊರಬಲ್ಲದ್ದು 1120 ಕಿಲೋ. 121 ಎಂದಿದ್ದರೆ 1450 ಕಿಲೋ. ಅಂಗಡಿಯಲ್ಲಿ ಅಂದವಾಗಿ ಕಾಣುವ ಎಷ್ಟೋ ಆಲ್ ಟೆರೇನ್ ಟೈರುಗಳು ಜೀಪು, ಕಾರುಗಳಿಗೆಂದು ಮಾಡಿದವು. ಮೂಟೆ ತುಂಬಿದ ಪಿಕಪ್‌ನ ಹಿಂದಿನ ಗಾಲಿಗೆ ಅವು ಸಾಲವು. ಕಂಪನಿ ಹೇಳಿದ ಅಂಕಿಗಿಂತ ಕಡಿಮೆಯದನ್ನು ಪುಕ್ಕಟೆ ಕೊಟ್ಟರೂ ಹಾಕಿಸಬೇಡಿ.

ಇನ್ನು ನೆಲದ ಮಾತು. ನಾರಾಯಣಪೇಟೆ, ಗದ್ವಾಲ್ ಕಡೆಯ ಕಲ್ಲುಮಿಶ್ರಿತ ಮಸಾರಿ ದಾರಿಗಳಲ್ಲಿ ಈ ಟೈರು ನಿಜಕ್ಕೂ ಉಪಯುಕ್ತ: ರಬ್ಬರ್ ಬೇಗ ಕಿತ್ತುಬರುವುದಿಲ್ಲ. ಆದರೆ ಮಳೆಗಾಲದ ಎರೆ ಮಣ್ಣು ಬೇರೆಯೇ ಜಾತಿ. ಅದು ಹಲ್ಲಿನ ಸಂದುಗಳನ್ನು ಮೆತ್ತಿಬಿಟ್ಟರೆ ಯಾವ ಟೈರೂ ಬರಿಯ ಉರುಳೆಯೇ! ಅಂಥ ಹೊಲಕ್ಕೆ ಗಾಡಿ ಇಳಿಸದೆ ಟ್ರ್ಯಾಕ್ಟರಿನಲ್ಲಿ ಮಾಲು ಹೊರತರುವುದೇ ಜಾಣತನ. ರಾಯಚೂರು ಮಾರುಕಟ್ಟೆಗೆ ಡಾಂಬರಿನ ಮೇಲೇ ಹೆಚ್ಚು ಓಡಾಟವಿದ್ದರೆ ದಪ್ಪ ಹಲ್ಲು ಸದ್ದು ಮಾಡುತ್ತದೆ, ಡೀಸೆಲ್ಲನ್ನೂ ಹೆಚ್ಚು ಕುಡಿಯುತ್ತದೆ.

ಟೈರು ಬೇಗ ಸಾಯುವುದು ಬಹುಮಟ್ಟಿಗೆ ಗಾಳಿ ಕಡಿಮೆಯಾಗಿ, ಹೊರೆ ಹೆಚ್ಚಾಗಿ. ಬೇಸಿಗೆಯ ಬಿಸಿಲೂ ಸೇರಿದರೆ ಪಕ್ಕೆ ಕಾದು ಸಿಡಿಯುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಗಮನಿಸಿ. 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ದಾಸ್ತಾನನ್ನು ನಯವಾಗಿ ಬೇಡವೆನ್ನಿ.