ವಯಸ್ಸಾಯಿತೆಂದು ಸುಮ್ಮನಿರಬೇಡಿ

ಫಜ್ರ್ ನಮಾಝಿನ ಬಳಿಕ ಪಾರಾಯಣಕ್ಕೆ ಕೂತ ಹಿರಿಯರು ಕುರ್‌ಆನ್ ಅನ್ನು ದೂರ ಸರಿಸಿ ಓದುವುದನ್ನು ನಾವು ರಾಣೆಬೆನ್ನೂರಿನ ಮನೆಮನೆಗಳಲ್ಲಿ ನೋಡುತ್ತೇವೆ. ಸೂಜಿಗೆ ದಾರ ಪೋಣಿಸಲು ತಾಯಂದಿರು ಮಕ್ಕಳನ್ನು ಕರೆಯುತ್ತಾರೆ. ಇದು ರೋಗವಲ್ಲ. ವಯಸ್ಸು 40 ದಾಟಿದಂತೆ ಕಣ್ಣಿನ ಮಸೂರ ಗಡುಸಾಗಿ, ಹತ್ತಿರದ್ದು ಮಸುಕಾಗುತ್ತದೆ. ಅದಕ್ಕೆ ಓದುವ ಕನ್ನಡಕ ಸಾಕು. ಕನ್ನಡಕ ಹಾಕಿದರೆ ಕಣ್ಣು ಕೆಡುತ್ತದೆಂಬುದು ತಪ್ಪು ತಿಳುವಳಿಕೆ.

ಆದರೆ ಎಲ್ಲ ಮಸುಕೂ ವಯಸ್ಸಿನದಲ್ಲ. ಕನ್ನಡಕವಿದ್ದೂ ಮಂಜು ಕವಿದಂತಿದ್ದರೆ, ರಾತ್ರಿ ಗಾಡಿಗಳ ಬೆಳಕು ಚೆದುರಿ ಕಂಡರೆ ಪೊರೆ ಬಂದಿರಬಹುದು. ಶಸ್ತ್ರಚಿಕಿತ್ಸೆ ಮಾಡಿ ಕೃತಕ ಮಸೂರ ಕೂರಿಸಿದರೆ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಗ್ಲಾಕೋಮಾ ಹಾಗಲ್ಲ. ಹೆಚ್ಚಾಗಿ ನೋವೇ ಇಲ್ಲದೆ ಅಂಚಿನ ನೋಟವನ್ನು ಕಸಿಯುತ್ತದೆ. ಹೋದದ್ದು ಮರಳದು, ಉಳಿದದ್ದನ್ನು ಕಾಪಾಡಬಹುದು. ಸಕ್ಕರೆ ಕಾಯಿಲೆಯವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಬೇಕು.

ಮಕ್ಕಳಿಗೆ ಹೊರೆಯಾಗಬಾರದೆಂದು ಹಿರಿಯರು ಹೇಳುವುದೇ ಇಲ್ಲ. ಪೊರೆಯ ಶಸ್ತ್ರಚಿಕಿತ್ಸೆ ಸರಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಸಿಗುತ್ತದೆ. ರಾಜ್ಯದ ‘ಆಶಾಕಿರಣ’ ಯೋಜನೆ ನಮ್ಮ ಹಾವೇರಿ ಜಿಲ್ಲೆಯಲ್ಲೂ ಇದೆ.

ದೃಷ್ಟಿ ಅಲ್ಲಾಹನ ಅಮಾನತ್ತು. ಕಾಯಿಲೆಗೆ ಚಿಕಿತ್ಸೆ ಪಡೆಯುವುದನ್ನು ಪ್ರವಾದಿ(ಸ)ರು ಕಲಿಸಿದ್ದಾರೆ. ಈ ಜುಮಾ ಮುಗಿಸಿ ಮನೆಗೆ ಬಂದಾಗ ನಾವೇ ಕೇಳೋಣ: “ಅಬ್ಬಾ, ಒಂದೊಂದೇ ಕಣ್ಣು ಮುಚ್ಚಿ ನೋಡಿ, ಅಕ್ಷರ ಕಾಣುತ್ತವೆಯೇ?”