ಹೊಸಬನ ವೇಗ

ಯಾವ ವಿದ್ಯೆಗಾದರೂ ಒಂದು ಹೊಸ್ತಿಲುಂಟು. ಒಳಗಿರುವವರಿಗೆ ಅದರ ಎತ್ತರ ಮರೆತುಹೋಗಿರುತ್ತದೆ. ಹೊರಗೆ ನಿಂತವನಿಗೆ ಅದೊಂದೇ ಕಾಣುತ್ತಿರುತ್ತದೆ. ‘ಹ್ಯಾಮ್’ ಎಂದು ಪ್ರಸಿದ್ಧವಾದ ಹವ್ಯಾಸಿ ರೇಡಿಯೋ ಇದಕ್ಕೆ ಒಳ್ಳೆಯ ನಿದರ್ಶನ.

ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸರ್ಕಾರದ ಪರವಾನಗಿಯನ್ನೂ ತನ್ನದೇ ಕರೆಸಂಕೇತವನ್ನೂ ಪಡೆದು ಯಂತ್ರದ ಮುಂದೆ ಕುಳಿತ ಹೊಸಬನ ಕಿವಿಗೆ ಬೀಳುವುದು ವಿಚಿತ್ರವಾದ ನುಡಿ. ‘ಕ್ಯೂ ಟಿ ಎಚ್’ ಎಂದರೆ ಇರುವ ಸ್ಥಳ. ‘ಕ್ಯೂ ಆರ್ ಎನ್’ ಎಂದರೆ ಸಿಡಿಲುಮಿಂಚಿನಿಂದೇಳುವ ಗದ್ದಲ. ‘73’ ಎಂದರೆ ಶುಭಾಶಯ. ಇದು ಹೊಸಬರನ್ನು ದೂರವಿಡುವ ಗುಟ್ಟಿನ ಭಾಷೆಯೇ ಎಂಬ ಶಂಕೆ ಸಹಜ. ವಾಸ್ತವವಾಗಿ ‘ಕ್ಯೂ’ ಸಂಕೇತಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಡಗುಗಳಿಗಾಗಿ ರೂಪುಗೊಂಡವು. ಮೋರ್ಸ್ ಲಿಪಿಯಲ್ಲಿ ಒಂದೊಂದಕ್ಷರವನ್ನೂ ಬಡಿದು ಕಳುಹಿಸಬೇಕಾದಲ್ಲಿ ಮೂರಕ್ಷರಕ್ಕೆ ಒಂದು ವಾಕ್ಯ ಮುಗಿಯುವುದು ದೊಡ್ಡ ಉಳಿತಾಯ. ನಾನಾ ಭಾಷೆಗಳ ನಾವಿಕರಿಗೆ ಅದು ಸಮಾನ ನುಡಿಯೂ ಆಯಿತು.

ಇಲ್ಲಿ ಹೊಸಬನ ಮೊದಲ ಧರ್ಮ ಕೇಳುವುದು. ಅದಕ್ಕೆ ಭೌತಶಾಸ್ತ್ರದ ಕಾರಣವೇ ಇದೆ. ಹ್ರಸ್ವತರಂಗಗಳು ಮೇಲಿನ ಅಯಾನುಮಂಡಲದಿಂದ ಬಾಗಿ ದೂರದಲ್ಲಿ ಇಳಿಯುವಾಗ ನಡುವಿನ ಕೆಲವು ಪ್ರದೇಶಗಳನ್ನು ಹಾರಿಹೋಗುತ್ತವೆ. ಸಂಭಾಷಿಸುತ್ತಿರುವ ಇಬ್ಬರಲ್ಲಿ ಒಬ್ಬನ ದನಿ ನಮಗೆ ಕೇಳಿಸದೆಯೇ ಇರಬಹುದು. ಮೌನವಿದೆಯೆಂದು ಮಾತಿಗಿಳಿದರೆ ಅವರ ಸಂಪರ್ಕ ಕೆಡುತ್ತದೆ. ಆದುದರಿಂದಲೇ ಮೊದಲು ‘ಕ್ಯೂ ಆರ್ ಎಲ್?’, ಈ ಜಾಗ ಬಳಕೆಯಲ್ಲಿದೆಯೇ, ಎಂದು ವಿಚಾರಿಸುವ ಸಂಪ್ರದಾಯ.

ಹಳಬರಿಗೂ ಧರ್ಮವುಂಟು. ‘ಕ್ಯೂ ಆರ್ ಎಸ್’ ಎಂದರೆ ‘ನಿಧಾನವಾಗಿ ಕಳುಹಿಸಿರಿ’. ಹೊಸಬನು ತಡವರಿಸುತ್ತ ಕರೆದರೆ, ನಿಮಿಷಕ್ಕೆ ಮೂವತ್ತು ಪದ ಕಳುಹಿಸಬಲ್ಲ ನುರಿತವನೂ ಅವನ ವೇಗಕ್ಕೇ ಇಳಿದು ಉತ್ತರಿಸುವುದು ಮರ್ಯಾದೆ. ಸಂಬೋಧನೆಯಲ್ಲೂ ಒಂದು ಸೊಗಸಿದೆ: ಹದಿನಾರರ ಹುಡುಗನೂ ಇಲ್ಲಿ ‘ಓಲ್ಡ್ ಮ್ಯಾನ್’, ಎಂಬತ್ತರ ಅಜ್ಜಿಯೂ ‘ಯಂಗ್ ಲೇಡಿ’! ಕೈಹಿಡಿದು ಕಲಿಸುವ ಹಿರಿಯನನ್ನು ಅಮೆರಿಕದ ಹವ್ಯಾಸಿಗಳು ‘ಎಲ್ಮರ್’ ಎನ್ನುತ್ತಾರೆ.

ಇದು ಬರಿಯ ಸೌಜನ್ಯವಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನ್ ನಿಕೋಬಾರ್ ದ್ವೀಪಗಳ ದೂರವಾಣಿ ವ್ಯವಸ್ಥೆ ಕುಸಿದಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹವ್ಯಾಸಿಗಳು ತಮ್ಮ ಯಂತ್ರಗಳಿಂದ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದರು. ಅಂಥ ಗಳಿಗೆಯಲ್ಲಿ ಕೇಳುವ ತಾಳ್ಮೆಯೂ ಎದುರಿನವನ ವೇಗಕ್ಕೆ ಇಳಿಯುವ ಅಭ್ಯಾಸವೂ ಯಂತ್ರಜ್ಞಾನದಷ್ಟೇ ಬೆಲೆಯುಳ್ಳವು. ಹಳಬರು ನಿಧಾನಿಸದಿದ್ದರೆ ಹೊಸಬರು ಸದ್ದಿಲ್ಲದೆ ಹಿಂದಿರುಗುತ್ತಾರೆ. ಮುಂದೊಂದು ದಿನ ಕರೆಗೆ ಓಗೊಡುವವರೇ ಇರುವುದಿಲ್ಲ.